ಅಪ್ಪನ ಹುರಿ, ಡಾಕ್ಟರ ಟೈರು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ಊರುಗಳ ನಡುವೆ ಯಾವ ರಸ್ತೆಯಲ್ಲಿ ಎಲ್ಲಿ ಜಲ್ಲಿ ಎದ್ದಿತ್ತು, ಎಲ್ಲಿ ಎರೆಮಣ್ಣು ಗಾಲಿ ಹಿಡಿಯುತ್ತಿತ್ತು, ಯಾವ ತಿರುವಿನಲ್ಲಿ ಜಾಲಿಮುಳ್ಳು ಬಿದ್ದಿರುತ್ತಿತ್ತು ಎಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಮೋಟರಿಗೆ ಟೈರು ಆರಿಸುವ ವಿಷಯದಲ್ಲಂತೂ ಈ ಕಡೆ ನನ್ನ ಮಾತೇ ಕೊನೆಯ ಮಾತು. ಈಗಲೂ ಟೈರು ಕೊಳ್ಳುವ ಮೊದಲು ಜನ ನನ್ನ ಮನೆಗೆ ಬಂದು ಹೋಗುತ್ತಾರೆ. ನಾನು ಮೊದಲು ಟೈರಿನ ಪಕ್ಕೆಯ ಮೇಲಿನ ನಂಬರು ಓದುತ್ತೇನೆ, ಆಮೇಲೆ ಒಳಗೆ ಎಷ್ಟು ಪದರು ಬಟ್ಟೆಯಿದೆ ಎಂದು ಕೇಳುತ್ತೇನೆ, ಕಂಪನಿಯ ಹೆಸರು ಕಟ್ಟಕಡೆಗೆ. ಈ ಕ್ರಮವನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಯುದ್ಧದ ಕಾಲದಲ್ಲಿ ಒಂದು ಸಲ ಇದನ್ನು ಪೂರ್ತಿ ತಲೆಕೆಳಗು ಮಾಡಿದ್ದರಿಂದ ಕಲಿತೆ. ತಪ್ಪು ಮಾಡಿದ ದಿನವೂ ನನಗೆ ಇಷ್ಟೇ ಧೈರ್ಯವಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಹಿರೇಕೆರೂರಿನಲ್ಲಿ ಚಕ್ಕಡಿ ಗಾಲಿ ಮಾಡುವ ಮನೆತನ. ಅಪ್ಪನ ಕೈಯ ಗಾಲಿ ಎಂದರೆ ಹಾನಗಲ್ಲಿನ ಭತ್ತದ ಗದ್ದೆಯವರೂ ಕೇಳಿಕೊಂಡು ಬರುತ್ತಿದ್ದರು. ಕಟ್ಟಿಗೆಯ ಗಾಲಿ ತಯಾರಾದ ಮೇಲೆ ಅದರ ಸುತ್ತ ಕಬ್ಬಿಣದ ಪಟ್ಟಿ ತೊಡಿಸಬೇಕು. ನಮ್ಮ ಕಡೆ ಅದಕ್ಕೆ ಹಳಿ ಎನ್ನುತ್ತೇವೆ. ಅಪ್ಪ ತನ್ನ ಸೊಂಟದಲ್ಲಿ ಸದಾ ಇರುತ್ತಿದ್ದ ಸೆಣಬಿನ ಹುರಿಯನ್ನು ಬಿಚ್ಚಿ ಗಾಲಿಯ ಸುತ್ತ ಒಂದು ಸುತ್ತು ತಂದು ಗಂಟು ಹಾಕುತ್ತಿದ್ದ. ಹಳಿಯನ್ನು ಆ ಅಳತೆಗಿಂತ ಒಂದು ಹೆಬ್ಬೆರಳಿನಷ್ಟು ಕಡಿಮೆ ಮಾಡಿಸುತ್ತಿದ್ದ. ಆಮೇಲೆ ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ, ಗಾಲಿಯ ಮೇಲೆ ಕೂರುತ್ತದೆ. ನೀರು ಸುರಿದೊಡನೆ ಕುಗ್ಗಿ, ಇನ್ನು ಹತ್ತು ವರ್ಷ ಅಲುಗಾಡದ ಹಾಗೆ ಕಚ್ಚಿಕೊಳ್ಳುತ್ತದೆ. ಅಪ್ಪನಿಗೆ ಅಂಕಿಗಳ ಮೇಲೆ ನಂಬಿಕೆ ಇರಲಿಲ್ಲ. ಹುರಿ ಮತ್ತು ಹೆಬ್ಬೆರಳು, ಇವೆರಡೇ ಅವನ ಲೆಕ್ಕ. ನಾನು ಇಪ್ಪತ್ತೊಂದು ವರ್ಷದವರೆಗೆ ಇದನ್ನೇ ಕಲಿತೆ, ಚೆನ್ನಾಗಿಯೇ ಕಲಿತೆ.

ಆಗ, ಮೂವತ್ತರ ದಶಕದ ನಡುವಿನಲ್ಲಿ, ಹಾನಗಲ್ಲಿನ ಡಾಕ್ಟರೊಬ್ಬರು ವಾರಕ್ಕೊಮ್ಮೆ ತಮ್ಮ ಮೋಟರಿನಲ್ಲಿ ಹಿರೇಕೆರೂರಿಗೆ ಬರತೊಡಗಿದರು. ನಾಲ್ಕು ಬಾಗಿಲಿನ, ಮೇಲೆ ಗಟ್ಟಿ ಮಾಡಿನ, ಕಪ್ಪು ಬಣ್ಣದ ಅಮೇರಿಕದ ಕಾರು. ಅದರ ಗಾಲಿಗಳಿಗೆ ನಡುವಿನಿಂದ ಅಂಚಿಗೆ ಚಾಚಿದ ಕಟ್ಟಿಗೆಯ ಅರಗಳಿದ್ದವು, ಒಂದೊಂದು ಗಾಲಿಗೆ ಹನ್ನೆರಡು. ಹೊರಗೆ ಕಬ್ಬಿಣದ ರಿಮ್ಮು, ಅದರ ಮೇಲೆ ಗಾಳಿ ತುಂಬಿದ ರಬ್ಬರಿನ ಟೈರು. ಒಂದು ಮಳೆಗಾಲ ಅದು ನಮ್ಮ ಅಂಗಳದೆದುರೇ ಕೆಸರಿನಲ್ಲಿ ಹೂತಾಗ ನಾನು ಹೋಗಿ ಎತ್ತಿಕೊಟ್ಟೆ. ಆವತ್ತೇ ಆ ಗಾಲಿಯ ಮೇಲೆ ನನಗೆ ಮನಸ್ಸಾಯಿತು. ಡಾಕ್ಟರು ನನ್ನನ್ನು ಡ್ರೈವರಿಕೆ ಕಲಿಯಲು ಕರೆದರು, ನಾನು ಎರಡನೆಯ ಸಲ ಕರೆಸಿಕೊಳ್ಳಲಿಲ್ಲ.

ಅಪ್ಪ ತಡೆಯಲಿಲ್ಲ. ಉಳಿ ಮಸೆಯುತ್ತ ಕೂತಿದ್ದವನು ತಲೆ ಎತ್ತದೆ ಹೇಳಿದ.

"ಕಬ್ಬಿಣ ಬಿಟ್ಟು ಗಾಳಿ ನಂಬಿ ಹೊಂಟೀದಿ. ಹೋಗು ತಮ್ಮಾ. ಆದ್ರ ನಾಳೆ ಗಾಲಿ ಕೆಟ್ಟೈತಿ ಅಂತ ನನ್ನ ಕಡೆ ಬರಬ್ಯಾಡ."

"ಬರೂದಿಲ್ಲ ಬಿಡಪ್ಪ," ಎಂದೆ. "ಗಾಲಿ ಅಂದ್ರ ಏನಂತ ನನಗೂ ತಿಳೀತೈತಿ."

ಆ ಮಾತನ್ನು ಎಂಟು ವರ್ಷ ಉಳಿಸಿಕೊಂಡೆ. ಪ್ರತಿ ಶುಕ್ರವಾರ ನಾವು ಹಿರೇಕೆರೂರಿಗೆ ಹೋಗುತ್ತಿದ್ದೆವು. ಡಾಕ್ಟರು ಚಾವಡಿಯ ಪಕ್ಕದ ಕೋಣೆಯಲ್ಲಿ ರೋಗಿಗಳನ್ನು ನೋಡುವಾಗ ನಾನು ಮನೆಗೆ ಹೋಗಿ ಅವ್ವ ಬಡಿದ ರೊಟ್ಟಿ ತಿಂದು ಬರುತ್ತಿದ್ದೆ. ಅಪ್ಪ ನನ್ನ ಜೊತೆ ಮಳೆಯ ಮಾತಾಡುತ್ತಿದ್ದ, ಎತ್ತಿನ ಮಾತಾಡುತ್ತಿದ್ದ, ತಂಗಿಯ ಗಂಡನ ಸೋಮಾರಿತನದ ಬಗ್ಗೆ ಇಬ್ಬರೂ ಸೇರಿ ಆಡಿಕೊಳ್ಳುತ್ತಿದ್ದೆವು. ಮೋಟರಿನ ಸುದ್ದಿ ಮಾತ್ರ ಬರುತ್ತಿರಲಿಲ್ಲ. ಕಾರು ಅವನ ಕೆಲಸದ ಚಪ್ಪರದಿಂದ ಕಲ್ಲೆಸೆತದ ದೂರದಲ್ಲಿ ನಿಂತಿರುತ್ತಿತ್ತು. ಅವನು ಅದಕ್ಕೆ ಬೆನ್ನು ಹಾಕಿ ಕೂತು ಕೆತ್ತುತ್ತಿದ್ದ. ಊರವರೆಲ್ಲ ಒಂದು ಸಲವಾದರೂ ಅದನ್ನು ಮುಟ್ಟಿ ನೋಡಿದ್ದರು. ಅಪ್ಪ ಮುಟ್ಟಲಿಲ್ಲ. ನನಗೆ ಇದರಿಂದ ಬೇಸರವಾಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಯುದ್ಧ ಶುರುವಾಗಿ ಒಂದೆರಡು ವರ್ಷಕ್ಕೆ ರಬ್ಬರಿಗೆ ಬರಗಾಲ ಬಂತು. ಟೈರು ಬೇಕಾದರೆ ಸರಕಾರದ ಪರ್ಮಿಟ್ಟು ಬೇಕು, ಪರ್ಮಿಟ್ಟು ಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ಮುಂದಿನ ಎರಡು ಟೈರು ಇನ್ನೂ ಒಂದು ವರ್ಷ ಬಾಳುವಂತಿದ್ದವು. ಹಿಂದಿನವು ಮಾತ್ರ ತೇದು ತೇದು ಒಳಗಿನ ಬಟ್ಟೆ ಕಾಣುತ್ತಿತ್ತು. ಹಳೆಯ ಟೈರಿನ ತುಂಡು ಕತ್ತರಿಸಿ ಒಳಗಿಟ್ಟು, ಅದರ ಮೇಲೆ ಟ್ಯೂಬು ಕೂರಿಸಿ ಓಡಿಸುತ್ತಿದ್ದೆ. ಸವಣೂರಿಗೆ ಹೋಗಿ ಬರುವುದರೊಳಗೆ ಮೂರು ಸಲ ಇಳಿದು ಗಾಳಿ ಹೊಡೆದ ದಿನವೂ ಉಂಟು. ಆಗ ಡಾಕ್ಟರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಪೇಪರು ಓದುತ್ತಿದ್ದರು. ಆ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ನಾನು ನೋಡಲೇ ಇಲ್ಲ. ಬೇಸರವಾದರೆ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತಿದ್ದರು, ಅಷ್ಟೇ.

ಒಂದು ದಿನ ಅವರು ಹೇಳಿದರು.

"ಈ ಸಲ ಟೈರ್ ಸಿಗಲಿಲ್ಲಂದ್ರ ಮೋಟರ್ ಮಾರಿಬಿಡೂಣು. ಹಾನಗಲ್ಲದಾಗ ಕುಂತು ನೋಡೂ ಅಷ್ಟು ಮಂದೀನ ನೋಡಿದ್ರಾತು. ನಿನಗೂ ಸುಮ್ನ ತ್ರಾಸ."

ಮೋಟರು ಹೋದರೆ ನಾನು ಹೋಗಬೇಕಾದ ಜಾಗ ಒಂದೇ. ಅಪ್ಪನ ಚಪ್ಪರದ ಕೆಳಗೆ, ಉಳಿ ಹಿಡಿದು, ಗಾಳಿ ಕೈಕೊಟ್ಟಿತು ಎಂದು ತಲೆ ತಗ್ಗಿಸಿ ಕೂರಬೇಕು. ಹೊಟ್ಟೆಪಾಡಿನ ಚಿಂತೆ ನನಗಿರಲಿಲ್ಲ, ಕೈಯಲ್ಲಿ ಕಸುಬಿತ್ತು. ಆದರೆ ಗಾಲಿ ನನಗೂ ತಿಳಿಯುತ್ತದೆ ಎಂದು ಅಪ್ಪನ ಮುಂದೆ ಆಡಿದ ಮಾತು ಸುಳ್ಳಾಗುವುದು ಮಾತ್ರ ನನ್ನಿಂದ ಸಹಿಸಲಾಗದ ಸಂಗತಿ.

ಅಂತೂ ಪರ್ಮಿಟ್ಟು ಬಂತು, ಎರಡು ಟೈರಿಗೆ. ಅಳತೆಯ ಜಾಗ ಖಾಲಿ ಬಿಟ್ಟಿದ್ದರು, ಅದನ್ನು ಅಂಗಡಿಯವನೇ ತುಂಬಬೇಕು. ಡಾಕ್ಟರು ಒಂದು ಚೀಟಿಯಲ್ಲಿ ನಮ್ಮ ಟೈರಿನ ನಂಬರು ಬರೆದು ಕೊಟ್ಟರು. ನಾನು ಅದನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು, ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಅಪ್ಪನ ಹಾಗೆ ಒಂದು ಹುರಿ ತೆಗೆದುಕೊಂಡು ಮುಂದಿನ ಗಾಲಿಯ ಟೈರಿನ ಸುತ್ತ ಒಂದು ಸುತ್ತು ತಂದು ಗಂಟು ಹಾಕಿ ಜೇಬಿಗಿಟ್ಟೆ. ನಂಬರು ಬರೆಯುವವರು ತಪ್ಪು ಬರೆದಾರು, ಹುರಿ ತಪ್ಪು ಹೇಳುವುದಿಲ್ಲ ಎಂಬುದು ನನ್ನ ವಿಚಾರ.

ತಡಸ ಊರಿನ ಮೇಲೆ ಹಾಯ್ದು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆ. ಅಂಗಡಿಯಲ್ಲಿ ನಮಗೆ ಆಗುವಂಥವು ಎರಡೇ ಬಗೆ ಇದ್ದವು. ಒಂದು ಈ ದೇಶದಲ್ಲೇ ತಯಾರಾದದ್ದು, ನಾಲ್ಕು ಪದರಿನದು, ತೆಳ್ಳಗೆ. ಇನ್ನೊಂದು ಯುದ್ಧಕ್ಕೆ ಮೊದಲು ಹಡಗಿನಲ್ಲಿ ಬಂದ ಅಮೇರಿಕದ ಮಾಲು, ಆರು ಪದರಿನದು, ದಪ್ಪಗೆ, ಮೇಲಿನ ಕಚ್ಚುಗಳು ಬೆರಳು ಮುಳುಗುವಷ್ಟು ಆಳ. ಅಂಗಡಿಯವರು ಮೊದಲನೆಯದನ್ನು ಮುಂದಿಟ್ಟರು. ನಾನು ಅದನ್ನು ಉಗುರಿನಿಂದ ಒತ್ತಿದೆ, ಮೂಸಿದೆ, ಅಪ್ಪ ಕಟ್ಟಿಗೆಯ ತುಂಡನ್ನು ಬಡಿದು ಕಿವಿಗೊಡುವ ಹಾಗೆ ಮುಷ್ಟಿಯಿಂದ ಬಡಿದೆ. ಕೆಟ್ಟ ಮಾಲೇನಲ್ಲ. ಆದರೆ ಹಿರೇಬೆಂಡಿಗೇರಿ ಕಡೆಯ ಜಾಲಿಮುಳ್ಳು ನಾಲ್ಕು ಪದರನ್ನು ನಾಲ್ಕು ತಿಂಗಳಲ್ಲಿ ತಿಂದು ಮುಗಿಸುತ್ತದೆ. ನನ್ನ ಕಣ್ಣು ಆರು ಪದರಿನ ಮೇಲೆಯೇ ನೆಟ್ಟಿತ್ತು.

"ಅದು ನಿಮ್ಮ ಗಾಡಿಗೆ ಆಗ್ತೈತೇನು ನೋಡ್ರಿ," ಎಂದರು ಅಂಗಡಿಯವರು. "ನಂಬರ ಬ್ಯಾರೆ ಇದ್ದಂಗೈತಿ. ನಿಮ್ಮ ನಂಬರೇನು?"

ಚೀಟಿ ಟೋಪಿಯಲ್ಲಿತ್ತು. ಅದನ್ನು ತೆಗೆಯುವ ಬದಲು ನಾನು ಜೇಬಿನಿಂದ ಹುರಿ ತೆಗೆದೆ. ಅಮೇರಿಕದ ಟೈರಿನ ಸುತ್ತ ತಂದೆ. ಗಂಟಿಗೆ ಗಂಟು ಸರಿಯಾಗಿ ಬಂತು, ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ.

"ನೋಡ್ರಿ," ಎಂದೆ. "ಸುತ್ತು ಒಂದ ಐತಿ. ಇನ್ನ ನಂಬರ ತಗೊಂಡು ಏನ ಮಾಡೂದು?"

"ಒಳಗಿಂದ ಸ್ವಲ್ಪ ಸಣ್ಣ ಕಾಣ್ತೈತ್ರಿ."

ನಾನೂ ಬಗ್ಗಿ ನೋಡಿದೆ. ಹೌದು, ಒಳಗಿನ ಬಾಯಿ ಒಂದು ಹೆಬ್ಬೆರಳಿನಷ್ಟು ಕಿರಿದಾಗಿತ್ತು. ಅದನ್ನು ನೋಡಿ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಸಂತೋಷ. ಅಮೇರಿಕದವರೂ ಅಪ್ಪನ ಹಾಗೆಯೇ ಕೆಲಸ ಮಾಡುತ್ತಾರಲ್ಲ ಎಂದು ಅವರ ಮೇಲೆ ಗೌರವವೇ ಹುಟ್ಟಿತು.

"ಬಿಗಿ ಇರಬೇಕ್ರಿ ಅದು," ಎಂದು ಅಂಗಡಿಯವರಿಗೇ ಪಾಠ ಹೇಳಿದೆ. "ಹೆಬ್ಬಟ್ಟಿನಷ್ಟು ಬಿಗಿ ಇದ್ರನ ಕಚ್ಚಿ ಹಿಡೀತೈತಿ. ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಗಾಲಿ ಮಾಡಾಕತ್ತೇವಿ."

ಅವರು ಒಂದು ಕ್ಷಣ ನನ್ನನ್ನು ನೋಡಿ, ಇಷ್ಟು ಗಟ್ಟಿಯಾಗಿ ಹೇಳುವವನಿಗೆ ಗೊತ್ತಿಲ್ಲದಿರುವುದುಂಟೇ ಎಂದುಕೊಂಡು ಪರ್ಮಿಟ್ಟಿನ ಮೇಲೆ ಆ ಟೈರಿನ ನಂಬರು ಬರೆದು ಠಸ್ಸೆ ಒತ್ತಿದರು. ಠಸ್ಸೆ ಬಿದ್ದ ಪರ್ಮಿಟ್ಟು ಮುಗಿದ ಹಾಗೆ, ಮಾಲು ಬದಲಾಯಿಸುವಂತಿಲ್ಲ. ನಾನು ಎರಡು ಟೈರುಗಳನ್ನು ಬಸ್ಸಿನ ಮೇಲೆ ಕಟ್ಟಿಸಿ, ಯಾರಾದರೂ ಕೇಳಲಿ ಎಂದು ಕಾಯುತ್ತ, ಕೇಳಿದವರಿಗೆಲ್ಲ ಆರು ಪದರಿನ ಮಹಿಮೆ ವಿವರಿಸುತ್ತ ಹಾನಗಲ್ಲಿಗೆ ಬಂದೆ.

ಮರುದಿನ ಬೆಳಿಗ್ಗೆ ಕೂರಿಸಲು ಹೋದರೆ ಟೈರು ರಿಮ್ಮಿನ ಮೇಲೆ ಹತ್ತಲೊಲ್ಲದು. ಒಂದು ಕಡೆ ತುರುಕಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು. ಸಾಬೂನಿನ ನೀರು ಸವರಿದೆ. ಸಲಾಕೆ ಹಾಕಿ ಮೀಟಿದೆ. ಆಗಲೂ ನಾನು ಹೆದರಲಿಲ್ಲ. ಹಳಿ ತಣ್ಣಗಿದ್ದಾಗ ಗಾಲಿಯ ಮೇಲೆ ಕೂರುತ್ತದೆಯೇ? ಕಾಯಿಸಬೇಕು. ಮೊದಲು ಬಿಸಿಲಿಗಿಟ್ಟೆ. ಹಿಗ್ಗಲಿಲ್ಲ. ರಬ್ಬರನ್ನು ಬೆಂಕಿಗೆ ಇಡುವಷ್ಟು ದಡ್ಡ ನಾನಲ್ಲವಾದ್ದರಿಂದ, ಡಾಕ್ಟರ ಮನೆಯ ಹಿತ್ತಲಿನ ಬಚ್ಚಲಲ್ಲಿ ಕುದಿಯುತ್ತಿದ್ದ ನೀರಿನ ಹಂಡೆಯೊಳಗೆ ಟೈರಿನ ಅರ್ಧ ಭಾಗ ಇಳಿಸಿ, ಸ್ವಲ್ಪ ಹೊತ್ತಿಗೊಮ್ಮೆ ತಿರುಗಿಸುತ್ತ ಕೂತೆ.

ಸ್ನಾನಕ್ಕೆಂದು ಸೀರೆ ಹಿಡಿದು ಬಂದ ಡಾಕ್ಟರ ಹೆಂಡತಿ ಬಾಗಿಲಲ್ಲೇ ನಿಂತರು.

"ಏನ ಮಾಡಾಕತ್ತೀಯೋ ಅದು?"

"ಟೈರ್ ಕಾಸಾಕತ್ತೇನ್ರಿ ಅಕ್ಕಾರ."

"ಅದಕ್ಕೇನ ಥಂಡಿ ಆಗೈತೇನ?"

ಹಂಡೆಯ ನೀರು ಕಪ್ಪಾಗಿತ್ತು, ಮನೆ ತುಂಬ ರಬ್ಬರಿನ ವಾಸನೆ. ಆ ತಾಯಿ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದರು. ಡಾಕ್ಟರು ಟೈರಿನ ಪಕ್ಕೆಯ ಮೇಲಿನ ನಂಬರು ಓದಿದರು, ಹಳೆಯ ಟೈರಿನದನ್ನೂ ಓದಿದರು.

"ನಾ ಕೊಟ್ಟ ಚೀಟಿ ಎಲ್ಲೈತಿ?"

ಟೋಪಿ ತೆಗೆದು ಚೀಟಿ ಕೊಟ್ಟೆ. ಮಡಿಕೆ ಕೂಡ ಬಿಚ್ಚಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಆಮೇಲೆ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತು ನಿಧಾನವಾಗಿ ವಿವರಿಸಿದರು. ಟೈರಿನ ಮೇಲೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಟೈರು ಎಷ್ಟು ದಪ್ಪ ಎಂಬುದು, ಎರಡನೆಯದು ಅದು ಕೂರುವ ರಿಮ್ಮು ಎಷ್ಟು ಇಂಚು ಅಡ್ಡಗಲ ಎಂಬುದು. ನಮ್ಮ ರಿಮ್ಮು ಹತ್ತೊಂಬತ್ತು ಇಂಚಿನದು. ನಾನು ತಂದದ್ದು ಹದಿನೆಂಟರದ್ದು. ಅದು ಒಂದು ಇಂಚು ಕಿರಿದು, ಆದರೆ ಮೈ ಅರ್ಧ ಇಂಚು ದಪ್ಪ. ಮೇಲೊಂದು ಕೆಳಗೊಂದು ಅರ್ಧ ಇಂಚು ಸೇರಿ ಹೊರಗಿನ ಸುತ್ತು ಸರಿಸಮವಾಗಿಬಿಟ್ಟಿದೆ. ಚಕ್ಕಡಿಯ ಹಳಿ ಬೆರಳಿನಷ್ಟೇ ದಪ್ಪ, ಅಲ್ಲಿ ಹೊರಗಿನ ಅಳತೆ ತಿಳಿದರೆ ಒಳಗಿನದೂ ತಿಳಿದ ಹಾಗೆ. ರಬ್ಬರಿಗೆ ಹೊಟ್ಟೆಯಿದೆ. ಅಲ್ಲಿ ಹುರಿ ಹೇಳಿದ್ದು ನಿಜವಾದರೂ ಸಾಲುವುದಿಲ್ಲ. ಮೇಲಾಗಿ ಅದರ ಅಂಚಿನೊಳಗೆ ಉಕ್ಕಿನ ತಂತಿ ಇದೆಯಂತೆ, ಕುದಿಸಿದರೂ ಹಿಗ್ಗುವುದಿಲ್ಲವಂತೆ.

ಎಲ್ಲ ಕೇಳಿದ ಮೇಲೆ ಟೈರನ್ನು ಹಂಡೆಯಿಂದ ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದೆ.

"ಮಾರಿಬಿಡೂಣು ಬಿಡು," ಎಂದರು ಡಾಕ್ಟರು. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಒಂದು ವಾರದ ಅವಧಿ ಕೇಳಿದೆ. ಟೈರು ಬದಲಾಗುವುದಿಲ್ಲವಾದರೆ ರಿಮ್ಮು ಬದಲಾಗಬೇಕು, ಇಷ್ಟು ನನಗೆ ಹೊಳೆದಿತ್ತು. ಹದಿನೆಂಟು ಇಂಚಿನ ರಿಮ್ಮು ಎಲ್ಲಿದೆ ಎಂಬುದೂ ನೆನಪಾಯಿತು. ಸವಣೂರಿನಲ್ಲಿ ಒಬ್ಬ ಸಾಹೇಬರ ಹಿತ್ತಲಲ್ಲಿ, ಬೇವಿನ ಗಿಡದ ಕೆಳಗೆ, ಇಂಜಿನ್ನು ಸತ್ತ ಹಳೆಯ ಕಾರೊಂದು ನಿಂತಿತ್ತು. ಅದರ ಟೈರುಗಳನ್ನು ಯಾವಾಗಲೋ ಬಿಚ್ಚಿದ್ದರು. ಡಾಕ್ಟರು ಆ ಮನೆಯ ಮುದುಕಿಯನ್ನು ನೋಡಲು ಹೋದಾಗಲೆಲ್ಲ ನಾನು ಆ ಕಾರನ್ನು ನೋಡುತ್ತ ನಿಲ್ಲುತ್ತಿದ್ದೆ. ಈ ಸಲ ಹೋಗಿ ನೋಡಿದರೆ ಕಟ್ಟಿಗೆಯ ಅರಗಳನ್ನೆಲ್ಲ ಗೆದ್ದಲು ತಿಂದಿತ್ತು, ಆದರೆ ಕಬ್ಬಿಣದ ರಿಮ್ಮುಗಳು ಕಲ್ಲಿನಂತಿದ್ದವು. ಅಂಕಿ ಓದಿದೆ. ಈ ಸಲ ಎರಡು ಸಲ ಓದಿದೆ. ಹದಿನೆಂಟೇ.

ಸಾಹೇಬರು ಎಲೆ ಅಡಿಕೆ ಕೊಟ್ಟು ಹೇಳಿದರು. "ಒಯ್ಯಿರಿ, ನಮ್ಮ ಅಮ್ಮೀಜಾನ್‌ಗ ಡಾಕ್ಟರ್ ಸಾಹೇಬ್ರು ಇಷ್ಟು ಮಾಡ್ಯಾರ, ಇದೇನು ದೊಡ್ಡದು? ಒಂದ ಮಾತು, ಹಿಂದಿನ ಸೀಟಿನ್ಯಾಗ ಕೋಳಿ ಕಾವಿಗೆ ಕುಂತೈತಿ. ಅದನ್ನ ಎಬ್ಬಿಸಬ್ಯಾಡ್ರಿ."

ಕೋಳಿ ಏಳದ ಹಾಗೆ, ಕಾರು ಅಲುಗದ ಹಾಗೆ, ಕೆಳಗೆ ಕಲ್ಲು ಕೊಟ್ಟು ಎರಡು ಗಾಲಿ ಬಿಚ್ಚಲು ನನಗೆ ಇಡೀ ಮುಂಜಾನೆ ಹಿಡಿಯಿತು. ಕೋಳಿ ಒಂದು ಸಲವೂ ಕೊಕ್ಕೆನ್ನಲಿಲ್ಲ. ಈ ಕೆಲಸದ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ.

ಆದರೆ ರಿಮ್ಮು ಸಿಕ್ಕರೆ ಕೆಲಸ ಅರ್ಧವೇ. ಆ ಕಾರಿನ ಗಾಲಿಯ ಗುಂಬ, ಅಂದರೆ ಅಚ್ಚಿನ ಮೇಲೆ ಕೂರುವ ನಡುಭಾಗ, ನಮ್ಮ ಕಾರಿಗೆ ಹೊಂದುವುದಿಲ್ಲ. ನಮ್ಮ ಗುಂಬವನ್ನೇ ಇಟ್ಟುಕೊಂಡು, ಅದರಿಂದ ಈ ಕಿರಿದಾದ ರಿಮ್ಮಿಗೆ ಮುಟ್ಟುವಂಥ ಇಪ್ಪತ್ನಾಲ್ಕು ಹೊಸ ಅರಗಳನ್ನು ಮಾಡಬೇಕು. ಒಂದು ಅರ ಜೋಳದ ಕಾಳಿನಷ್ಟು ಉದ್ದವಾದರೂ ಗಾಲಿ ಓಲಾಡುತ್ತದೆ. ನಾನು ಕೈಬಿಟ್ಟು ಎಂಟು ವರ್ಷವಾಗಿತ್ತು. ನಾಲ್ಕು ತಾಲೂಕಿನಲ್ಲಿ ಇದನ್ನು ಮಾಡಬಲ್ಲವನು ಒಬ್ಬನೇ ಇದ್ದ, ಅವನು ಯಾರೆಂದು ನಾನು ಹೇಳಬೇಕಾಗಿಲ್ಲ.

ಆಗ ಡಾಕ್ಟರಂಥವರಿಗೆ ಮಾತ್ರ ಪೆಟ್ರೋಲು ಸಿಗುತ್ತಿತ್ತು, ಬಸ್ಸುಗಳು ಇದ್ದಲಿಯ ಗ್ಯಾಸಿನ ಮೇಲೆ ಓಡುತ್ತಿದ್ದವು, ಏರು ಬಂದರೆ ಜನ ಇಳಿದು ನೂಕಬೇಕು. ಅಂಥ ಬಸ್ಸಿನ ಮೇಲೆ ನಮ್ಮ ಎರಡು ಗಾಲಿ, ಸವಣೂರಿನ ಎರಡು ರಿಮ್ಮು, ನನ್ನ ಎರಡು ಟೈರು ಹೇರಿಕೊಂಡು ಹಿರೇಕೆರೂರಿಗೆ ಹೋದೆ. ಡ್ರೈವರಾದ ಮೇಲೆ ಊರಿಗೆ ಮೋಟರಿಲ್ಲದೆ ಹೋದದ್ದು ಅದೇ ಮೊದಲು. ಬಸ್ ನಿಲ್ದಾಣದಿಂದ ಚಪ್ಪರದವರೆಗೆ ಒಂದೊಂದೇ ಗಾಲಿ ಉರುಳಿಸಿಕೊಂಡು ಹೋಗುವಾಗ ಕಟ್ಟೆಯ ಮೇಲಿದ್ದವರು, "ಮೋಟರ್ ಮನ್ಯಾಗ ಬಿಟ್ಟು ಬರೇ ಗಾಲಿ ತಂದೀಯಲ್ಲೋ," ಎಂದು ನಕ್ಕರು. ನಾನೂ ನಕ್ಕೆ.

ಅಪ್ಪ ಬೆನ್ನು ಹಾಕಿ ಕೂತಿದ್ದ. ಗಾಲಿ ಉರುಳುವ ಸದ್ದಿಗೆ ತಿರುಗಿದ. ನಾನು ಎಲ್ಲವನ್ನೂ ಅವನ ಮುಂದಿಟ್ಟು ನಿಂತೆ.

"ಅಪ್ಪಾ, ಗಾಲಿ ಕೆಟ್ಟೈತಿ," ಎಂದೆ.

ಎಂಟು ವರ್ಷದ ಹಿಂದಿನ ಮಾತನ್ನು ಅವನು ಈಗ ಎತ್ತಿ ಆಡುತ್ತಾನೆ ಎಂದು ಕಾದೆ. ಅವನು ನನ್ನನ್ನು ನೋಡಲಿಲ್ಲ, ಗಾಲಿಯನ್ನು ನೋಡಿದ. ಮೊದಲ ಸಲ ಅದನ್ನು ಮುಟ್ಟಿದ. ಅರದ ಮೇಲೆ ಬೆರಳಾಡಿಸಿದ, ಗುಂಬದ ಬೋಲ್ಟುಗಳನ್ನು ಎಣಿಸಿದ, ಟೈರನ್ನು ಮುಷ್ಟಿಯಿಂದ ಬಡಿದು ಕಿವಿಗೊಟ್ಟ. ನಾನು ಹುಬ್ಬಳ್ಳಿಯಿಂದ ಬಚ್ಚಲ ಹಂಡೆಯವರೆಗೆ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದೆ. ಹಂಡೆಯ ಸುದ್ದಿಗೆ ಒಳಗಿನಿಂದ ಅವ್ವ ನಕ್ಕದ್ದು ಕೇಳಿಸಿತು. ಅಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ.

"ಈ ಹಳೇ ಅರ ಕಡಿಯೂದು ಬ್ಯಾಡ," ಎಂದ ಕಡೆಗೆ. "ನಾಳೆ ಸರಿ ಅಳತೀದು ಸಿಕ್ಕಾಗ ಬೇಕಾಗ್ತಾವ. ಜಾಲಿ ತುಂಡು ಐದು ವರ್ಷದಿಂದ ಒಣಗಿದ್ದು ಐತಿ. ಅಂಗಿ ಬಿಚ್ಚಿ ಬಾ."

ನಾಲ್ಕು ದಿನ ಅಪ್ಪನ ಪಕ್ಕದಲ್ಲಿ ಕೂತು ಕೆತ್ತಿದೆ. ಮೊದಲ ದಿನ ಅಂಗೈಯಲ್ಲಿ ಬೊಬ್ಬೆ ಎದ್ದವು, ಎರಡನೆಯ ದಿನ ಒಡೆದವು, ಮೂರನೆಯ ದಿನಕ್ಕೆ ಕೈಗೆ ಹಳೆಯ ಬುದ್ಧಿ ಮರಳಿ ಬಂತು. ನಾನು ಕೆತ್ತಿದ ಅರಗಳಲ್ಲಿ ಎರಡನ್ನು ಅಪ್ಪ ಮಾತಿಲ್ಲದೆ ಒಲೆಗೆ ಹಾಕಿದ. ಉಳಿದವನ್ನು ತನ್ನವುಗಳ ಜೊತೆ ಸೇರಿಸಿದ. ಆಮೇಲೆ ನೋಡಿದರೆ ಯಾವುದು ಯಾರದೆಂದು ನನಗೇ ತಿಳಿಯಲಿಲ್ಲ. ಅರಗಳು ರಿಮ್ಮಿನೊಳಗೆ ಸುತ್ತಿಗೆಯ ಪೆಟ್ಟಿಗೆ ಬಿಗಿಯಾಗಿ ಕೂತವು. ರಿಮ್ಮಿನ ಮೇಲೆ ಟೈರು ಅಷ್ಟೇ ಸಲೀಸಾಗಿ ಏರಿತು. ಬಿಸಿನೀರೂ ಬೇಕಾಗಲಿಲ್ಲ, ಸಲಾಕೆಯನ್ನೂ ಜೋರಾಗಿ ಮೀಟಬೇಕಾಗಲಿಲ್ಲ. ಗಾಳಿ ತುಂಬುವಾಗ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ನಿಂತ, ಅದೊಂದು ಅವನಿಗೆ ನಂಬಿಕೆಯಿಲ್ಲದ ಭಾಗ.

ಗಾಲಿ ತೆಗೆದುಕೊಂಡು ಹೊರಡುವಾಗ ಅವನೂ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದು ನಿಂತ.

"ನೀ ಎಲ್ಲಿಗೆ?"

"ನಾ ಮಾಡಿದ ಗಾಲಿ ಅಚ್ಚಿನ ಮ್ಯಾಲೆ ತಿರುಗೂದು ನೋಡದ ನಾ ಯಾರಿಗೂ ಕೊಟ್ಟಿಲ್ಲ," ಎಂದ.

ಹೀಗೆ ಇದ್ದಲಿಯ ಬಸ್ಸಿನಲ್ಲಿ ಇಬ್ಬರೂ ಹಾನಗಲ್ಲಿಗೆ ಬಂದೆವು. ಡಾಕ್ಟರ ಅಂಗಳದಲ್ಲಿ ಗಾಲಿ ಏರಿಸಿ, ಕಾರನ್ನು ಎತ್ತಿ ನಿಲ್ಲಿಸಿ ಕೈಯಿಂದ ತಿರುಗಿಸಿದೆವು. ಅಪ್ಪ ನೆಲಕ್ಕೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಟೈರಿನ ಅಂಚು ಓಲಾಡುತ್ತದೆಯೇ ಎಂದು ನೋಡಿದ. ಒಂದು ಕಡೆ ಬೋಲ್ಟನ್ನು ಅರ್ಧ ಸುತ್ತು ಬಿಗಿಸಿದ. ಮತ್ತೆ ನೋಡಿದ. ಸಾಕು ಎನ್ನುವ ಹಾಗೆ ಕೈ ಝಾಡಿಸಿಕೊಂಡ.

ಮರುದಿನ ಶುಕ್ರವಾರ. ಡಾಕ್ಟರು ಕಾರಿನ ಮುಂದಿನ ಬಾಗಿಲು ತೆರೆದು, "ಬರ್ರಿ ಯಜಮಾನ್ರ, ಕುಂದರ್ರಿ. ನಿಮ್ಮೂರಿಗೇ ಹೊಂಟೇವಿ," ಎಂದರು.

"ನಾ ಹಿಂದ ಕುಂದರ್ತೇನ್ರಿ ಸಾಹೇಬ್ರ. ಗಾಲಿ ಮ್ಯಾಲೆ," ಎಂದ ಅಪ್ಪ.

ಡಾಕ್ಟರು ನಗುತ್ತ ನನ್ನ ಪಕ್ಕಕ್ಕೆ ಬಂದರು. ಅಪ್ಪ ಯಜಮಾನನ ಜಾಗದಲ್ಲಿ ಬಲಗಡೆಯ ಗಾಲಿಯ ಮೇಲೆಯೇ ಕೂತ. ಕೂತ ಎನ್ನುವುದಕ್ಕಿಂತ ಕಿವಿಗೊಟ್ಟ ಎನ್ನಬೇಕು. ಕಿಟಕಿಯಿಂದ ತಲೆ ಹೊರಹಾಕಿ ಗಾಲಿಯನ್ನೇ ನೋಡುತ್ತಿದ್ದ. ಕೆರೆಯ ಏರಿ ಹೋಯಿತು, ಭತ್ತದ ಗದ್ದೆ ಹೋದವು, ಎದುರಿಗೆ ಚಕ್ಕಡಿಗಳು ಬಂದವು. ಅವುಗಳಲ್ಲಿ ಕೆಲವಕ್ಕೆ ಅವನೇ ಮಾಡಿದ ಗಾಲಿಗಳಿದ್ದವು. ಚಕ್ಕಡಿಯವರು ಡಾಕ್ಟರ ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಕಂಡು ಕೈಯಲ್ಲಿದ್ದ ಹಗ್ಗ ಸಡಿಲ ಬಿಟ್ಟು ನೋಡಿದರು. ಅಪ್ಪ ಯಾರನ್ನೂ ಗಮನಿಸಲಿಲ್ಲ. ನಾನು ಎಂದಿಗಿಂತ ಸ್ವಲ್ಪ ಜೋರಾಗಿ ಓಡಿಸಿದೆ. ದಾರಿಯುದ್ದಕ್ಕೂ ಒಂದು ಸಲವೂ ಇಳಿದು ಗಾಳಿ ಹೊಡೆಯಬೇಕಾಗಲಿಲ್ಲ.

ಹಿರೇಕೆರೂರಿನಲ್ಲಿ ಕಾರನ್ನು ಚಾವಡಿಯ ಹತ್ತಿರ ನಿಲ್ಲಿಸದೆ ನೇರವಾಗಿ ನಮ್ಮ ಚಪ್ಪರದ ಮುಂದೆ ತಂದು ನಿಲ್ಲಿಸಿದೆ. ಡಾಕ್ಟರು ತಮ್ಮ ಚೀಲ ಹಿಡಿದು ಚಾವಡಿಯ ಕಡೆ ನಡೆದರು. "ಇನ್ನ ಮಾರೂ ಮಾತಿಲ್ಲ," ಎಂದು ಹೋಗುತ್ತ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಆದರೂ ನಾನು ಸ್ಟಿಯರಿಂಗು ಬಿಟ್ಟು ಏಳಲಿಲ್ಲ. ಈಗ ಡಾಕ್ಟರು ಇಲ್ಲ, ಇನ್ನು ಅಪ್ಪ ಎಂಟು ವರ್ಷದ ಬಾಕಿ ಬೈಗುಳ ತೀರಿಸುತ್ತಾನೆ ಎಂದುಕೊಂಡೆ. ಬೈಯಲಿ ಎಂದೇ ಅನಿಸಿತ್ತು.

ಅಪ್ಪ ಇಳಿದ. ಸೊಂಟದ ಹುರಿ ಬಿಚ್ಚಿದ. ಮೊದಲು ಮುಂದಿನ ಗಾಲಿಯ ಹತ್ತಿರ ಕೂತು, ಹತ್ತೊಂಬತ್ತರ ಟೈರಿನ ಸುತ್ತ ಹುರಿ ತಂದು ಗಂಟು ಹಾಕಿದ. ಆ ಗಂಟನ್ನು ಬೆರಳಲ್ಲಿ ಹಿಡಿದುಕೊಂಡೇ ಹಿಂದಕ್ಕೆ ಬಂದು ನನ್ನ ಹದಿನೆಂಟರ ಟೈರಿನ ಸುತ್ತ ತಂದ. ಗಂಟಿಗೆ ಗಂಟು ಬಂತು. ಅವನು ಬಿಚ್ಚಿ ಇನ್ನೊಮ್ಮೆ ಸುತ್ತಿದ. ಮತ್ತೆ ಅಷ್ಟೇ.

ಹುರಿಯನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತ ನನ್ನ ಬಾಗಿಲ ಹತ್ತಿರ ಬಂದ.

"ಸುತ್ತು ಒಂದ ಐತಿ ತಮ್ಮಾ," ಎಂದ. "ನಾ ಹೋಗಿದ್ರೂ ಇದನ್ನ ತರ್ತಿದ್ದೆ."

ಆಮೇಲೆ ಚಪ್ಪರಕ್ಕೆ ಹೋಗಿ, ಮುಖ ನನ್ನ ಕಡೆ ಮಾಡಿ, ಕಾರು ಕಾಣುವ ಹಾಗೆ ಕೂತು ಕೆತ್ತತೊಡಗಿದ. ಅಂದಿನಿಂದ ಕಡೆಯವರೆಗೂ ಅವನು ಶುಕ್ರವಾರ ಹಾಗೆಯೇ ಕೂರುತ್ತಿದ್ದ.